ಹಳೇ ಫೋರ್ ವೀಲ್ ಗಾಡಿ ಕೊಂಡು ದೂರ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಫೋರ್ ವೀಲ್ ಅಂದರೆ ಇಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಗಾಡಿ. ನನ್ನದು 2008ರ ಮಾರುತಿ ಜಿಪ್ಸಿ, ಪೆಟ್ರೋಲ್, ಸೆಕೆಂಡ್ ಹ್ಯಾಂಡ್. ಒಂದು ಮಳೆಗಾಲ ಪೂರ್ತಿ ಶಿರಸಿ, ಕುಮಟಾ, ಯಲ್ಲಾಪುರ ಅಂತ ಓಡಾಡಿಸಿ, ಆಮೇಲೆ ಹಿಮಾಲಯದ ಸ್ಪಿತಿಗೂ ಲೇಹ್‌ಗೂ ಹೋಗಿ ಬಂದೆ. ಅವತ್ತಿನಿಂದ ಮದುವೆ ಮನೆ ಊಟದ ಪಂಕ್ತಿಯಲ್ಲಿ ಕೂತರೂ ಪಕ್ಕದವರು ಗಾಡಿಯ ವಿಷಯವನ್ನೇ ತೆಗೆಯುತ್ತಾರೆ. ಪಾಯಸ ಬರುವಷ್ಟರಲ್ಲಿ ಉತ್ತರ ಮುಗಿಯುವುದಿಲ್ಲ. ಹಾಗಾಗಿ ಬರೆದಿಟ್ಟಿದ್ದೇನೆ.

ಯಾವ ಗಾಡಿ ತಗೊಳ್ಳಲಿ?

ಸಣ್ಣ ಊರಿನ ಮೇಸ್ತ್ರಿ ಬಾನೆಟ್ ಎತ್ತಿ ನೋಡಿ ಹೆದರದ ಗಾಡಿ ತಗೊಳ್ಳಿ. ಜಿಪ್ಸಿ 1985ರಲ್ಲಿ ಬಂದು 2019ರ ಹೊತ್ತಿಗೆ ನಿಂತಿತು, ಆದರೆ ಅದರ ಸಾಮಾನು ಇನ್ನೂ ಸಿಗುತ್ತದೆ. ಸೇನೆಯಲ್ಲಿ ಇಷ್ಟು ವರ್ಷ ಓಡಿದ ಗಾಡಿ ಆದ್ದರಿಂದ ಗುಡ್ಡಗಾಡಿನ ಕಡೆಯ ಮೇಸ್ತ್ರಿಗಳಿಗೆ ಅದರ ಪರಿಚಯ ಚೆನ್ನಾಗಿದೆ. 2010ರಿಂದ ಬಂದ ಹಳೇ ಥಾರ್, ಬೊಲೆರೊ ಕ್ಯಾಂಪರ್‌ನ ಫೋರ್ ವೀಲ್ ಮಾಡೆಲ್, ಸ್ಕಾರ್ಪಿಯೋ ಮತ್ತು ಸಫಾರಿಯ ಫೋರ್ ವೀಲ್, ಇವೆಲ್ಲ ಆಗುತ್ತವೆ. ಹೊರದೇಶದ ಕಂಪನಿಯ ದೊಡ್ಡ ಗಾಡಿ ಕಡಿಮೆಗೆ ಸಿಕ್ಕರೆ ಹಿಗ್ಗಬೇಡಿ. ಒಂದು ಸೆನ್ಸರ್ ಹೋದರೆ ಹುಬ್ಬಳ್ಳಿಯಲ್ಲೂ ಸಿಗದೆ ವಾರಗಟ್ಟಲೆ ನಿಲ್ಲಿಸಬೇಕಾಗುತ್ತದೆ.

ಇನ್ನೊಂದು ವಿಷಯ. ನಾಲ್ಕೂ ಚಕ್ರ ತಿರುಗುತ್ತವೆ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ‘ಫೋರ್ ಲೋ’ ಇದೆಯಾ ಕೇಳಿ, ಅಂದರೆ ನಾಲ್ಕೂ ಚಕ್ರವನ್ನು ತೀರಾ ನಿಧಾನಕ್ಕೆ, ಜಾಸ್ತಿ ಬಲದಲ್ಲಿ ತಿರುಗಿಸುವ ಗೇರ್. ಆಲ್ ವೀಲ್ ಡ್ರೈವ್ ಅಂತ ಮಾರುವ ಬಹಳಷ್ಟು ಕಾರುಗಳಲ್ಲಿ ಅದು ಇರುವುದಿಲ್ಲ. ಲೋ ಅಂದರೆ ಬರೀ ಕೆಸರಿನಿಂದ ಏಳುವುದಕ್ಕಲ್ಲ. ಕಲ್ಲು ತುಂಬಿದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ, ಇಂಜಿನ್ ಹಿಡಿತದಲ್ಲೇ ಎತ್ತಿನಗಾಡಿಯ ಹಾಗೆ ಇಳಿಯುವುದಕ್ಕೆ ಅದು ಬೇಕು.

ಕಾರವಾರ, ಅಂಕೋಲೆ ಕಡೆಯ ಗಾಡಿ ಕೊಳ್ಳಬಹುದಾ? ತುಕ್ಕು ಅಂತಾರಲ್ಲ?

ಕೊಳ್ಳಬಹುದು, ಆದರೆ ಗಾಡಿಯ ಕೆಳಗೆ ಹೋಗಿ ಮಲಗಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಮಳೆ ನಿಂತರೆ ಉಪ್ಪುಗಾಳಿ. ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವ ಊರು ನಮ್ಮದು, ಅದೇ ಉಪ್ಪು ಗಾಡಿಯ ಕಬ್ಬಿಣಕ್ಕೂ ಸಿಗುತ್ತದೆ. ಅದಕ್ಕಿಂತ ಕೆಟ್ಟದ್ದು ಮೀನು ಸಾಗಿಸಿದ ಗಾಡಿ. ಐಸು ಕರಗಿ, ಮೀನಿನ ಉಪ್ಪುನೀರು ಸೇರಿ, ಹಿಂದಿನ ಫ್ಲೋರಿನ ಸಂದಿಯಲ್ಲಿ ಇಳಿದು ಸೀದಾ ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ ಒಳಗೆ ಕೂರುತ್ತದೆ.

ನಾನು ಜಿಪ್ಸಿ ಕೊಳ್ಳುವ ಮುಂಚೆ ಬಂದರಿನ ಹತ್ತಿರ ಒಂದು ಗಾಡಿ ನೋಡಿದ್ದೆ. ಬಾಡಿ ಫಳಫಳ. ಅಡಿಯಲ್ಲಿ ಹೊಸ ಕಪ್ಪು ಪೇಂಟು. ನನಗೆ ಖುಷಿಯೋ ಖುಷಿ. ಜೊತೆಗೆ ಬಂದಿದ್ದ ಮೇಸ್ತ್ರಿ ಮಾತಾಡಲಿಲ್ಲ. ಗೋಣಿಚೀಲ ಹಾಸಿ ಒಳಗೆ ಹೊಕ್ಕರು. ಸಣ್ಣ ಸುತ್ತಿಗೆಯಲ್ಲಿ ಚಾಸಿಯ ಉದ್ದಕ್ಕೂ ಕುಟ್ಟುತ್ತಾ ಹೋದರು. ಠಣ್, ಠಣ್, ಠಣ್. ಹಿಂದಿನ ಚಕ್ರದ ಮೇಲಿನ ಬಾಗಿನಲ್ಲಿ ಮಾತ್ರ ‘ದಪ್’ ಅಂತು. ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಒಳಗೆ ಹೋಯಿತು. ಹೊರಗೆ ಬಂದು ಕೈ ಕೊಡವಿಕೊಂಡು ಹೇಳಿದರು, “ಹೆಗಡೇರೇ, ಪೇಂಟ್ ಹೊಡೆದಿದ್ದು ಗಾಡಿಗಲ್ಲ, ನಿಮಗೆ.”

ನೋಡಬೇಕಾದ ಜಾಗಗಳು ಇವು. ಹಿಂದಿನ ಚಕ್ರದ ಮೇಲೆ ಚಾಸಿ ಬಾಗುವ ಜಾಗ, ಅಲ್ಲಿ ಕೆಂಪುಮಣ್ಣು ಕೂತು ತಿಂಗಳಾನುಗಟ್ಟಲೆ ಒದ್ದೆಯಾಗೇ ಇರುತ್ತದೆ. ಲೀಫ್ ಪ್ಲೇಟಿನ (ಪಟ್ಟಿ ಪಟ್ಟಿ ಸ್ಪ್ರಿಂಗಿನ) ಹ್ಯಾಂಗರ್ ಚಾಸಿಗೆ ಸೇರುವ ಬೆಸುಗೆ. ಬಾಡಿ ಚಾಸಿ ಮೇಲೆ ಕೂರುವ ರಬ್ಬರಿನ ಸುತ್ತ. ಪೆಟ್ರೋಲ್ ಟ್ಯಾಂಕ್ ಹಿಡಿದಿರುವ ಪಟ್ಟಿ. ಕಾಲಡಿಯ ಮ್ಯಾಟ್ ಎತ್ತಿದರೆ ಕಾಣುವ ತಗಡು. ಎಲ್ಲಕ್ಕಿಂತ ಮುಖ್ಯ, ಚಾಸಿಗೆ ಅಂಟಿಕೊಂಡು ಹಿಂದಕ್ಕೆ ಹೋಗುವ ಬ್ರೇಕ್ ಪೈಪು. ಅದು ತುಕ್ಕು ಹಿಡಿದು ಉಬ್ಬಿದ್ದರೆ ಗಟ್ಟಿಯಾಗಿ ಒಂದು ಬ್ರೇಕ್ ಒತ್ತಿದ ದಿನ ಒಡೆಯುತ್ತದೆ. ಬಾಡಿಯ ತುಕ್ಕು ಟಿಂಕರಿಂಗ್‌ನಲ್ಲಿ ಹೋದೀತು. ಚಾಸಿ ತೂತಾದ ಗಾಡಿ ಮಾತ್ರ ಬೇಡವೇ ಬೇಡ.

ಗಾಡಿಯ ಅಡಿಭಾಗಕ್ಕೆ ಸುಟ್ಟ ಇಂಜಿನ್ ಆಯಿಲ್ ಹೊಡೆಸಿದರೆ ಸಾಕಾ? ದೋಣಿಗೆ ಹಚ್ಚುವ ಗೇರೆಣ್ಣೆ?

ಸುಟ್ಟ ಆಯಿಲ್ ರಬ್ಬರ್ ಬುಷ್‌ಗಳನ್ನು ಮೆತ್ತಗೆ ಮಾಡುತ್ತದೆ, ಮೇಲೆ ಧೂಳು ಹಿಡಿದು ಕೊಳಕಾಗುತ್ತದೆ, ಅಂಗಳದ ಬಾವಿಗೂ ಒಳ್ಳೆಯದಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಮರದ ದೋಣಿಗೆ ಸರಿ. ಅದು ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಗಾಡಿ ಅಡಿಯಲ್ಲಿ ಮಲಗಿ ಹಚ್ಚಲು ಹೋಗಬೇಡಿ. ತಂತಿ ಬ್ರಷ್‌ನಲ್ಲಿ ತುಕ್ಕು ಕೆರೆದು, ಪೂರ್ತಿ ಒಣಗಿಸಿ, ಪ್ರೈಮರ್ ಹೊಡೆದು, ಮೇಲೆ ಪೇಂಟ್. ಕೆರೆಯದೆ ದಪ್ಪ ಕಪ್ಪು ಕೋಟಿಂಗ್ ಬಳಿದರೆ ತುಕ್ಕು ಅದರ ಹಿಂದೆ ಆರಾಮಾಗಿ ಬೆಳೆಯುತ್ತದೆ. ಚಾಸಿಯ ಅಡಿಯಲ್ಲಿ ನೀರು ಇಳಿಯುವ ತೂತುಗಳಿರುತ್ತವೆ, ಅವು ಮಣ್ಣು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ. ಇಷ್ಟು ಮಾಡಿದವರೇ ಕಡಿಮೆ.

ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತದೆ ಅಂತ ಹೇಗೆ ಗೊತ್ತಾಗುತ್ತದೆ?

ಗೇರ್ ಪಕ್ಕದ ಸಣ್ಣ ಲಿವರ್ ಎಳೆದು, ಡ್ಯಾಶ್‌ಬೋರ್ಡಿನ ದೀಪ ತೋರಿಸಿ “ನೋಡಿ, ಬಿತ್ತು” ಅನ್ನುತ್ತಾರೆ. ದೀಪ ನಂಬಬೇಡಿ. ವರ್ಷಗಟ್ಟಲೆ ಟೂ ವೀಲ್‌ನಲ್ಲೇ, ಅಂದರೆ ಹಿಂದಿನ ಎರಡು ಚಕ್ರದ ಶಕ್ತಿಯಲ್ಲೇ ಓಡಿದ ಗಾಡಿಯ ಮುಂದಿನ ಆಕ್ಸಲ್ ಒಳಗೆ ಏನಾಗಿದೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ.

ಮಣ್ಣಿನ ಬಯಲಿಗೆ ಒಯ್ಯಿರಿ. ಕೊಯ್ಲಾದ ಗದ್ದೆ ಆದರೂ ಆದೀತು. ಫೋರ್ ಹೈ (ನಾಲ್ಕೂ ಚಕ್ರ, ಮಾಮೂಲಿ ವೇಗ) ಹಾಕಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಬನ್ನಿ. ಗಾಡಿ ಬಿಗಿದು ಹಿಡಿದ ಹಾಗೆ ಆಗಬೇಕು. ಟೂ ವೀಲ್‌ಗೂ ಇದಕ್ಕೂ ಏನೂ ವ್ಯತ್ಯಾಸ ಕಾಣದಿದ್ದರೆ ಮುಂದಿನ ಚಕ್ರಕ್ಕೆ ಶಕ್ತಿ ಹೋಗುತ್ತಿಲ್ಲ ಅಂತ ಅರ್ಥ. ಕೆಲವು ಗಾಡಿಗಳಲ್ಲಿ ಮುಂದಿನ ಚಕ್ರದ ನಡುವಿನ ‘ಹಬ್’ ಅನ್ನು ಕೈಯಲ್ಲೇ ತಿರುಗಿಸಿ ಲಾಕ್ ಮಾಡಬೇಕು, ಅದನ್ನು ಮರೆತು ಗಾಡಿಗೆ ಬೈಯಬೇಡಿ. ತಿರುವಿನಲ್ಲಿ ‘ಟಿಕ್ ಟಿಕ್’ ಶಬ್ದ ಬಂದರೆ ಆಕ್ಸಲ್ ಜಾಯಿಂಟ್ ಸವೆದಿದೆ. ಚಕ್ರದ ಒಳಬದಿಯ, ಚಕ್ರ ತಿರುಗುವ ಗುಂಡಗಿನ ಕೀಲಿನಿಂದ ಗ್ರೀಸ್ ಸೋರಿದ್ದರೆ ಸೀಲ್ ಹೋಗಿದೆ. ಫೋರ್ ಲೋ ಹಾಕಿ ಒಂದು ದಿಬ್ಬ ಹತ್ತಿಸಿ, ಲಿವರ್ ತಾನಾಗೇ ಹಾರಿ ಬರಬಾರದು.

ಈ ಪರೀಕ್ಷೆಯನ್ನು ಒಣ ಟಾರ್ ರಸ್ತೆಯಲ್ಲಿ ಮಾಡಲೇಬೇಡಿ. ಇಂಥ ಗಾಡಿಗಳಲ್ಲಿ ಫೋರ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಓಡಬೇಕು. ಮಣ್ಣಾದರೆ ಜಾರಿ ಸರಿಹೋಗುತ್ತದೆ. ಟಾರ್ ಆದರೆ ಜಾರಲು ಜಾಗ ಇಲ್ಲ, ಆ ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಇಂಜಿನ್?

ರಾತ್ರಿಯಿಡೀ ನಿಂತು ತಣ್ಣಗಿರುವ ಗಾಡಿಯನ್ನು ನೀವೇ ಸ್ಟಾರ್ಟ್ ಮಾಡಿ. ನೀವು ಹೋಗುವಷ್ಟರಲ್ಲಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಅನ್ನಿ. ಉಳಿದದ್ದು ಮೇಸ್ತ್ರಿಗೆ ಬಿಡಿ. ಇಂಜಿನ್ ನೋಡುವವರು ಊರ ತುಂಬಾ ಇದ್ದಾರೆ, ಅಡಿ ನೋಡುವವರೇ ಇಲ್ಲ.

ಕಾಗದಪತ್ರದಲ್ಲಿ ಏನು ನೋಡಬೇಕು?

ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿ ಜೊತೆ ಹೋಲಿಸಿ. ಇಂಜಿನ್ ನಂಬರ್ ಕೂಡ. ನಮ್ಮ ಕಡೆ ತೋಟದ ಜೀಪುಗಳಿಗೆ ಬೇರೆ ಇಂಜಿನ್ ಕೂರಿಸಿದ್ದು ಬಹಳ. ತೋಟದಿಂದ ಪೇಟೆಗೆ ಯಾರೂ ಕೇಳುವುದಿಲ್ಲ. ಎರಡು ಸಾವಿರ ಕಿ.ಮೀ. ಆಚೆ ಚೆಕ್‌ಪೋಸ್ಟಿನಲ್ಲಿ ಕೇಳಿದರೆ ಹಿಂದಿಯಲ್ಲಿ ವಿವರಿಸಬೇಕು.

ಹೆಸರು ಬದಲಾಯಿಸಲು ಫಾರ್ಮ್ 29 ಮತ್ತು 30. ಸಾಲ ತೀರಿದ್ದರೆ ಫಾರ್ಮ್ 35. ಗೋವಾದ ಗಾಡಿಯಾದರೆ ಅಲ್ಲಿಂದ ಎನ್‌ಒಸಿ, ಅಂದರೆ ಫಾರ್ಮ್ 28, ಜೊತೆಗೆ ಇಲ್ಲಿ ಮತ್ತೆ ತೆರಿಗೆ. ಗಡಿ ಪಕ್ಕದಲ್ಲೇ ಇದೆ, ರೇಟು ಕಡಿಮೆ ಅಂತ ಮಾಜಾಳಿ ದಾಟಿ ಓಡುವವರು ಈ ಲೆಕ್ಕ ಬಿಟ್ಟಿರುತ್ತಾರೆ. ಇನ್ಶೂರೆನ್ಸ್ ಹೆಸರು 14 ದಿನದೊಳಗೆ ಬದಲಾಗಬೇಕು. ಹಳೇ ಮಾಲೀಕರ ಫಾಸ್ಟ್ಯಾಗ್ ಕಿತ್ತು ನಿಮ್ಮದು ಹಾಕಿಸಿ. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ಫಿಟ್ನೆಸ್ ಮಾಡಿಸಿ ಆರ್‌ಸಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ನನ್ನದಕ್ಕೆ ಮಾಡಿಸಿ ಆಯಿತು.

ಉತ್ತರಕ್ಕೆ ಹೋಗುವವರಿಗೆ ಇನ್ನೊಂದು ಮಾತು. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ 2014–15ರಲ್ಲಿ ಹೇಳಿತ್ತು. ಆಮೇಲೆ ಅದರ ಸುತ್ತ ಕೋರ್ಟ್, ಆದೇಶ ಅಂತ ನಡೆಯುತ್ತಲೇ ಇದೆ. ಈ ನಿಯಮದ ವ್ಯಾಪ್ತಿ ಎನ್‌ಸಿಆರ್ (ರಾಷ್ಟ್ರ ರಾಜಧಾನಿ ಪ್ರದೇಶ), ಅಂದರೆ ದೆಹಲಿ ಮಾತ್ರ ಅಲ್ಲ, ಹರಿಯಾಣದ ಹಲವು ಜಿಲ್ಲೆಗಳೂ ಸೇರುತ್ತವೆ. ಹೊರಡುವ ವಾರ ನಿಯಮ ಏನಿದೆ ನೋಡಿಕೊಂಡೇ ದಾರಿ ಹಾಕಿ.

ಕೊಂಡ ಮೇಲೆ ಮೊದಲು ಏನು ಮಾಡಿಸಬೇಕು? ಎಷ್ಟು ಖರ್ಚು?

ಕೊಂಡ ಬೆಲೆಯ ಮೂರನೇ ಒಂದು ಭಾಗ ಬೇರೆ ತೆಗೆದಿಡಿ. ಮೂರು ಲಕ್ಷಕ್ಕೆ ಕೊಂಡರೆ ಒಂದು ಲಕ್ಷ. ಹೆದರಿಸಲು ಹೇಳುತ್ತಿಲ್ಲ, ನನಗೆ ಹಾಗೇ ಆಯಿತು.

ಹಳೆಯವರು ಏನು ಹೇಳಿದರೂ ಎಲ್ಲ ಆಯಿಲ್ ಬದಲಿಸಿ. ಇಂಜಿನ್ ಒಂದೇ ಅಲ್ಲ. ಗೇರ್‌ಬಾಕ್ಸ್, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಆಕ್ಸಲ್ ನಡುವಿನ ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್, ಹೀಗೆ ನಾಲ್ಕು ಕಡೆ ಬೇರೆ ಆಯಿಲ್ ಇರುತ್ತದೆ. ಇಳಿಸಿದ್ದನ್ನು ಡಬ್ಬಿಯಲ್ಲಿ ಹಿಡಿದು ನೋಡಿ. ಹಾಲು ಹಾಕಿದ ಕಷಾಯದ ಬಣ್ಣ ಇದ್ದರೆ ಹಳ್ಳದ ನೀರು ಒಳಗೆ ಹೋಗಿದೆ. ಆಕ್ಸಲ್ ಮೇಲಿನ ಬ್ರೀದರ್, ಅಂದರೆ ಗಾಳಿ ಆಡುವ ತೂತು, ಕಟ್ಟಿರಬಹುದು ಅಥವಾ ಸೀಲ್ ಹೋಗಿರಬಹುದು. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಬ್ರೀದರ್‌ಗೆ ಒಂದು ಪೈಪು ಹಾಕಿ ಎತ್ತರಕ್ಕೆ ಕಟ್ಟಿ. ನೂರಿನ್ನೂರು ರೂಪಾಯಿಯ ಕೆಲಸ.

ಆಮೇಲೆ ಬ್ರೇಕ್. ಗಾಡಿ ಕೊಂಡ ಹೊಸತರಲ್ಲಿ ಐದು ಜನ, ಎರಡು ಮೂಟೆ ಅಕ್ಕಿ ಹೇರಿಕೊಂಡು ದೇವಿಮನೆ ಘಟ್ಟ ಇಳಿಯುತ್ತಿದ್ದೆ. ಅರ್ಧ ಇಳಿಯುವಷ್ಟರಲ್ಲಿ ಪೆಡಲ್ ಹತ್ತಿ ತುಂಬಿದ ಹಾಗೆ ಮೆತ್ತಗಾಯಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹೇಗೋ ಬದಿಗೆ ನಿಲ್ಲಿಸಿದೆ. ಹಿಂದೆ ಕೂತಿದ್ದ ಅತ್ತೆಗೆ ಏನೂ ಗೊತ್ತಾಗಲಿಲ್ಲ, “ಇಲ್ಲೆಂತಕ್ಕೆ ನಿಲ್ಲಿಸಿದ್ದು, ದೇವಸ್ಥಾನಕ್ಕಾ?” ಅಂದರು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನಮ್ಮ ಹವೆಯಲ್ಲಂತೂ ಕೇಳುವುದೇ ಬೇಡ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಕುದಿದರೆ ಪೈಪಿನಲ್ಲಿ ಆವಿ, ಪೆಡಲ್ ಒತ್ತಿದರೆ ಬರೀ ಆವಿ ಕುಗ್ಗುತ್ತದೆ. ನನ್ನ ಡಬ್ಬಿಯಲ್ಲಿದ್ದದ್ದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಇವೆರಡರ ನಂತರ ರೇಡಿಯೇಟರ್ ಹೋಸು, ಫ್ಯಾನ್ ಬೆಲ್ಟ್, ಚಕ್ರದ ಬೇರಿಂಗ್, ಸ್ಟೇರಿಂಗ್ ಕಡೆಯ ಕಿಂಗ್ ಪಿನ್, ಟೈ ರಾಡ್. 60–70ರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗಿದರೆ ಚಕ್ರದ ಬ್ಯಾಲೆನ್ಸಿಂಗ್ ಒಂದನ್ನೇ ಮಾಡಿಸಿ ಸುಮ್ಮನಾಗಬೇಡಿ, ಇವನ್ನೂ ನೋಡಿಸಿ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ, ಯಾವಾಗ ಬದಲಿಸಿದ್ದು ಅಂತ ಬಿಲ್ಲು ತೋರಿಸದಿದ್ದರೆ ಹೊಸದು ಹಾಕಿಸಿಬಿಡಿ.

ವಿಂಚ್, ಸ್ನಾರ್ಕೆಲ್, ಲಿಫ್ಟ್ ಕಿಟ್, ಬುಲ್ ಬಾರ್, ಮೇಲೆ ಟೆಂಟ್?

ವಿಂಚ್ ಅಂದರೆ ಗಾಡಿ ಎಳೆಯುವ ಮೋಟಾರ್ ರಾಟೆ, ಸ್ನಾರ್ಕೆಲ್ ಅಂದರೆ ಇಂಜಿನ್‌ಗೆ ಎತ್ತರದಿಂದ ಗಾಳಿ ತರುವ ಕೊಳವೆ, ಲಿಫ್ಟ್ ಕಿಟ್ ಅಂದರೆ ಗಾಡಿ ಎತ್ತರಿಸುವ ಸಾಮಾನು, ಬುಲ್ ಬಾರ್ ಅಂದರೆ ಮುಂದೆ ಕಟ್ಟುವ ಕಬ್ಬಿಣದ ಗಾರ್ಡು. ನನ್ನ ಗಾಡಿಯಲ್ಲಿ ಇವು ಯಾವುವೂ ಇಲ್ಲ. ಬುಲ್ ಬಾರ್ ವಿರುದ್ಧ ಕ್ರಮ ತಗೊಳ್ಳಿ ಅಂತ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ವರೂಪ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹೇಳಿತು. ಕಾನೂನು ಬಿಡಿ, ಜಿಪ್ಸಿ ಅಂದರೆ ಹೆಚ್ಚು ಕಡಿಮೆ ಒಂದು ಟನ್ನಿನ ಗಾಡಿ. ಅದರ ತಲೆ ಮೇಲೆ ನೂರು ಕೆ.ಜಿ. ಹೊರಿಸಿದರೆ ಅರಬೈಲ್ ಘಟ್ಟದ ತಿರುವಿನಲ್ಲೇ ತೂಗಾಡುತ್ತದೆ. ಸಿಕ್ಕಿಹಾಕಿಕೊಂಡರೆ ಬೇಕಾಗುವುದು ಒಳ್ಳೆ ಹಗ್ಗ, ಗಾಡಿಯ ಹಿಂದೆ ಮುಂದೆ ಗಟ್ಟಿ ಕೊಂಡಿ, ಒಂದು ಗುದ್ದಲಿ ಮತ್ತು ಎಳೆಯಲು ಇನ್ನೊಂದು ಗಾಡಿ. ನಾಲ್ಕನೆಯದು ಹಿಮಾಲಯದಲ್ಲಿ ಪುಕ್ಕಟೆ ಸಿಗುತ್ತದೆ, ಲಾರಿಯವರು ಎಳೆದುಕೊಡದೆ ಹೋಗುವುದಿಲ್ಲ.

ಟೈರ್?

ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ಮಾಡಿದ್ದು. ಟೈರಿನ ಮೇಲಿನ ಗೀರು ಎಷ್ಟೇ ಆಳ ಇರಲಿ, ಆರು ವರ್ಷ ದಾಟಿದ್ದರೆ ದೂರ ಒಯ್ಯಬೇಡಿ. ಸ್ಟೆಪ್ನಿಯ ಅಂಕಿಯನ್ನೂ ಓದಿ. ನನ್ನ ಗಾಡಿಯ ಸ್ಟೆಪ್ನಿ ಗಾಡಿಯಷ್ಟೇ ಹಳೆಯದಿತ್ತು, ಹೊಸದರ ಹಾಗೆ ಹೊಳೆಯುತ್ತಿತ್ತು.

ಎಲ್ಲಿ ಟೆಸ್ಟ್ ಮಾಡಲಿ? ಗೋಕರ್ಣದ ಬೀಚಿನಲ್ಲಿ ಓಡಿಸಲಾ?

ಬೀಚ್ ಬೇಡ. ಉಪ್ಪುನೀರು ಒಂದು ಕಾರಣ. ನಮ್ಮ ಕಡಲತೀರದಲ್ಲಿ ಆಮೆಗಳು ಮೊಟ್ಟೆ ಇಡುತ್ತವೆ, ಅದು ಇನ್ನೊಂದು.

ಜೂನ್‌ಗೆ ಮುಂಚೆ ಕೊಳ್ಳಿ, ಮಳೆಗಾಲ ಪೂರ್ತಿ ಇಲ್ಲೇ ಓಡಿಸಿ, ಸೆಪ್ಟೆಂಬರ್‌ನಲ್ಲಿ ಹೊರಡಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ತಯಾರಿ ಇಲ್ಲ. ಎಲ್ಲಿ ನೀರು ಸೋರುತ್ತದೆ, ವೈಪರ್ ಮೋಟಾರ್ ಯಾವಾಗ ಕೈಕೊಡುತ್ತದೆ, ಒದ್ದೆಯಾದರೆ ಯಾವ ವೈರ್ ಶಾರ್ಟ್ ಆಗುತ್ತದೆ, ಇದೆಲ್ಲ ಆಷಾಢದ ಮಳೆಯೇ ಹೇಳಿಕೊಡುತ್ತದೆ. ದೇವಿಮನೆ, ಅರಬೈಲ್ ಎರಡನ್ನೂ ಪೂರ್ತಿ ಲೋಡಿನಲ್ಲಿ ಹತ್ತಿಸಿ, ಇಂಜಿನ್ ಬಿಸಿಯ ಮುಳ್ಳು ನೋಡಿ. ಹಾಗಂತ ಗುಡ್ಡ ಕುಸಿಯುವ ಮಳೆಯಲ್ಲಿ ಹೊರಡಬೇಡಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಏನಾಯಿತು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ.

ಹಳ್ಳ ದಾಟುವುದನ್ನು ಇಲ್ಲೇ ಕಲಿಯಿರಿ. ಮೊದಲು ನಡೆದು ನೋಡಿ. ಕೆಂಪು ನೀರಿನಲ್ಲಿ ತಳ ಕಾಣದಿದ್ದರೆ, ಸೆಳವು ಇದ್ದರೆ, ವಾಪಸ್. ಇಳಿದ ಮೇಲೆ ಕ್ಲಚ್ ಒತ್ತಬೇಡಿ, ಗೇರ್ ಬದಲಿಸಬೇಡಿ. ಇಂಜಿನ್ ನೀರು ಕುಡಿದು ನಿಂತರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಒಂದು ವ್ಯತ್ಯಾಸ ನೆನಪಿಡಿ. ನಮ್ಮ ಹಳ್ಳ ಮೇಲೆ ಮಳೆ ಬಿದ್ದರೆ ಏರುತ್ತದೆ. ಸ್ಪಿತಿಯ ನಾಲಾ ಬಿಸಿಲು ಬಿದ್ದರೆ ಏರುತ್ತದೆ, ಮಧ್ಯಾಹ್ನ ಹಿಮ ಕರಗುತ್ತದಲ್ಲ. ಅಲ್ಲಿ ಬೆಳಿಗ್ಗೆಯೇ ದಾಟಬೇಕು.

ಯಾವ ದಾರಿ?

ಅಂಕೋಲೆಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆ ಇದೆಯಲ್ಲ, ರಾಷ್ಟ್ರೀಯ ಹೆದ್ದಾರಿ 52, ಅದರ ಇನ್ನೊಂದು ತುದಿ ಪಂಜಾಬಿನ ಸಂಗ್ರೂರ್. ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ, ಹಿಸಾರ್ ಎಲ್ಲ ಅದರ ಮೇಲೇ. ಮನಾಲಿ ಮುಟ್ಟಲು ಶಿರಸಿಯಿಂದ ಎರಡೂವರೆ ಸಾವಿರ ಕಿ.ಮೀ. ಹತ್ತಿರ. ಹಳೇ ಗಾಡಿಯಲ್ಲಿ ದಿನಕ್ಕೆ 400 ಸಾಕು. ಜಿಪ್ಸಿಯಲ್ಲಿ 80 ದಾಟಿದರೆ ಮಾತಾಡಿದ್ದೂ ಕೇಳಿಸುವುದಿಲ್ಲ.

ಮನಾಲಿ–ಲೇಹ್ ನಡುವೆ ಪೆಟ್ರೋಲ್ ಸಾಲುತ್ತದಾ?

ಮನಾಲಿ ದಾಟಿದ ಮೇಲೆ ಸಿಗುವ ತಾಂಡಿಯ ಪಂಪಿನಲ್ಲಿ ಪ್ರಸಿದ್ಧವಾದ ಬೋರ್ಡಿದೆ, ಮುಂದಿನ ಪಂಪ್ 365 ಕಿ.ಮೀ. ಅಂತ. ಜಿಪ್ಸಿ ಟ್ಯಾಂಕ್ 40 ಲೀಟರ್. ಲೋಡ್ ಹಾಕಿ ಘಟ್ಟ ಹತ್ತುವಾಗ ನನ್ನದು ಲೀಟರಿಗೆ 9 ಕೊಟ್ಟಿತು. ಗುಣಿಸಿ ನೋಡಿ, 360. ಐದು ಕಿ.ಮೀ. ತಳ್ಳಬೇಕು! ಹಾಗಾಗಿ 20 ಲೀಟರಿನ ಕ್ಯಾನ್ ಬೇಕು. ಆದರೆ ಊರಿಂದಲೇ ತುಂಬಿಕೊಂಡು ರಾಜಸ್ಥಾನದ ಬಿಸಿಲಿನಲ್ಲಿ ಪೆಟ್ರೋಲ್ ಹೊತ್ತು ತಿರುಗಬೇಡಿ. ಖಾಲಿ ಕ್ಯಾನ್ ಒಯ್ದು ಮನಾಲಿಯಲ್ಲಿ ತುಂಬಿಸಿ. ತಗಡಿನ ಕ್ಯಾನೇ ಇರಲಿ.

ಅಷ್ಟು ಎತ್ತರದಲ್ಲಿ ಗಾಡಿ ಎಳೆಯುತ್ತದಾ?

ಲೇಹ್ ದಾರಿಯ ಘಟ್ಟ ತಂಗ್ಲಾಂಗ್ ಲಾ 5,300 ಮೀಟರ್ ದಾಟುತ್ತದೆ. ಅಲ್ಲಿ ಗಾಳಿಯ ಒತ್ತಡ ಕಾರವಾರದ ಕಡಲತೀರಕ್ಕಿಂತ ಅರ್ಧ. ಟರ್ಬೋ ಇಲ್ಲದ ಇಂಜಿನ್ ಉಸಿರು ಕಟ್ಟಿದ ಹಾಗೆ ಮಾಡುತ್ತದೆ, ಗೇರ್ ಇಳಿಸಿ ಸಮಾಧಾನದಲ್ಲಿ ಹೋಗಿ. ಹಳೇ ಕಾರ್ಬುರೇಟರ್ ಜಿಪ್ಸಿ ಕಪ್ಪು ಹೊಗೆ ಉಗುಳುತ್ತದೆ, 2000ದ ನಂತರದ ಎಂಪಿಎಫ್‌ಐ (ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜಿನ್) ಪರವಾಗಿಲ್ಲ. ರೇಡಿಯೇಟರ್‌ಗೆ ಬಾವಿ ನೀರು ಹಾಕುವ ಅಭ್ಯಾಸ ಬಿಡಿ. ರಾತ್ರಿ ಹೆಪ್ಪುಗಟ್ಟಿದರೆ ಇಂಜಿನ್ ಬ್ಲಾಕೇ ಸೀಳುತ್ತದೆ. ಕೂಲಂಟ್ ಸರಿಯಾದ ಪ್ರಮಾಣದಲ್ಲಿರಲಿ.

ಬಿಡಿಭಾಗ ಏನೇನು ಒಯ್ಯಬೇಕು?

ಫ್ಯಾನ್ ಬೆಲ್ಟ್, ಮೇಲಿನ ಕೆಳಗಿನ ರೇಡಿಯೇಟರ್ ಹೋಸು, ಒಂದು ಚಕ್ರದ ಬೇರಿಂಗ್ ಸೀಲ್ ಸಮೇತ, ಕ್ಲಚ್ ಕೇಬಲ್, ಫಿಲ್ಟರ್, ಫ್ಯೂಸು, ಬಲ್ಬು, ಎರಡು ಲೀಟರ್ ಆಯಿಲ್, ಎಂ-ಸೀಲ್, ಬೈಂಡಿಂಗ್ ವೈರ್. ಒಂದು ಬಟ್ಟೆ ಸೋಪು. ಟ್ಯಾಂಕಿಗೆ ಕಲ್ಲು ಬಡಿದು ಜಿನುಗಿದರೆ ಸೋಪು ಮೆತ್ತಿ ಮುಂದಿನ ಊರು ಮುಟ್ಟಬಹುದು. ನಿಮಗೆ ಹಾಕಲು ಬಾರದಿದ್ದರೂ ಸಾಮಾನು ಕೈಯಲ್ಲಿದ್ದರೆ ಹಾಕಿಕೊಡುವವರು ಸಿಗುತ್ತಾರೆ. ಲೀಫ್ ಪ್ಲೇಟ್ ಮಾತ್ರ ಒಯ್ಯಬೇಡಿ, ಭಾರ. ಲಾರಿ ನಿಲ್ಲುವ ಊರಲ್ಲೆಲ್ಲ ಅದನ್ನು ಮಾಡಿಕೊಡುತ್ತಾರೆ.

ಊಟದ ಸಾಮಾನು?

ಕುಚ್ಚಲಕ್ಕಿ ಒಯ್ಯಬೇಡಿ. ಲೇಹ್ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ, ಅನ್ನ ಬೇಯುವುದೇ ಇಲ್ಲ. ಸಣ್ಣ ಕುಕ್ಕರ್, ಬೆಳ್ತಿಗೆ ಅಕ್ಕಿ, ಅವಲಕ್ಕಿ ಸಾಕು. ಕೊಬ್ಬರಿ ಎಣ್ಣೆ ಕಲ್ಲಾಗುತ್ತದೆ, ಬಾಯಗಲದ ಡಬ್ಬಿಯಲ್ಲಿಡಿ, ಚಮಚದಲ್ಲಿ ಕೆರೆಯಬಹುದು. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಹಿಂದಿನ ಸೀಟಿನಡಿ ಇಟ್ಟು ನಾನು ಕೆಟ್ಟೆ. ಕೋಟಾ ಹತ್ತಿರ ಒಂದು ಹಂಪ್ ಹಾರಿದ್ದಕ್ಕೆ ಒಡೆಯಿತು. ಉಪ್ಪು, ಹುಳಿ, ಸಾಸಿವೆ ಎಲ್ಲ ಫ್ಲೋರಿನ ಸಂದಿಗೆ. ಮೀನಿನ ಗಾಡಿ ಬೇಡ ಅಂದವನ ಗಾಡಿಗೇ ಆ ಗತಿ.

ನೇಪಾಳಕ್ಕೆ ಹೋಗಬಹುದಾ?

ಹೋಗಬಹುದು. ನಮಗೆ ವೀಸಾ ಬೇಡ. ಗಾಡಿಗೆ ಗಡಿಯಲ್ಲಿ ‘ಭನ್ಸಾರ್’ ಅಂತ ದಿನದ ಲೆಕ್ಕದಲ್ಲಿ ಸುಂಕ ಕಟ್ಟಬೇಕು. ಆರ್‌ಸಿ ನಿಮ್ಮ ಹೆಸರಿನಲ್ಲೇ ಇರಲಿ, ಇಲ್ಲದಿದ್ದರೆ ಅಲ್ಲಿ ಕಿರಿಕಿರಿ.

ವಾಪಸ್ ಬಂದ ಮೇಲೆ?

ಏರ್ ಫಿಲ್ಟರ್ ಬಿಚ್ಚಿ ಕೊಡವಿ, ಅರ್ಧ ಸೇರು ಧೂಳು ಬೀಳುತ್ತದೆ. ನಾಲಾ ದಾಟಿದ್ದರೆ ನಾಲ್ಕೂ ಕಡೆಯ ಆಯಿಲ್ ಇಳಿಸಿ ಬಣ್ಣ ನೋಡಿ. ಮುಂದಿನ ಚಕ್ರ ಜ್ಯಾಕ್ ಮೇಲೆ ಎತ್ತಿ ಅಲ್ಲಾಡಿಸಿ, ಆಟ ಇದ್ದರೆ ಬೇರಿಂಗ್ ಬಿಗಿ ಮಾಡಿಸಿ. ಅಡಿ ಪೂರ್ತಿ ಸಿಹಿನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಬಿಟ್ಟು, ಗೋಣಿಚೀಲ ಹಾಸಿ ಸುತ್ತಿಗೆ ಹಿಡಿದು ಒಳಗೆ ಹೊಕ್ಕಿ. ‘ದಪ್’ ಅಂದ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಮೇಸ್ತ್ರಿಗೆ ಫೋನ್ ಮಾಡಿ.